ಎಂಜಿನ್ ಮೇಲಿನ ಅಕ್ಷರ

ಲೊಕ್ಕನಹಳ್ಳಿಯ ಪಾಳುಬಾವಿಯಿಂದ ಹಗ್ಗ ಕಟ್ಟಿ ಮೇಲೆತ್ತಿದ ಮೋಟಾರ್ ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿ ನಿಲ್ಲಿಸಿದ್ದರು. ಟೈರು, ಸೀಟು, ನಂಬರ್ ಪ್ಲೇಟು ಒಂದೂ ಉಳಿದಿರಲಿಲ್ಲ. ಹೂಳು ಮೆತ್ತಿಕೊಂಡ ಕಬ್ಬಿಣವಷ್ಟೇ ಉಳಿದಿತ್ತು. ಅದರ ಜೊತೆ ಸಿಕ್ಕಿದ ಮೂಳೆಗಳನ್ನು ಡಾಕ್ಟರ ಬಳಿಗೆ ಕಳಿಸಿ ಮೂರು ದಿನವಾಗಿತ್ತು. ಯಾರೋ ಗಂಡಸು, ಸತ್ತು ಹತ್ತು ವರ್ಷದ ಮೇಲಾಗಿದೆ ಎನ್ನುವುದರ ಹೊರತು ಬೇರೇನೂ ತಿಳಿದುಬರಲಿಲ್ಲ.

"ಯಾವ ವರ್ಷದ ಗಾಡಿ ಅಂತ ಅಂದ್ಬುಡಿ ಮೇಸ್ತ್ರಿ, ಸಾಕು," ಎಂದ ದಫೇದಾರ್ ಗುರುಮಲ್ಲಪ್ಪ. "ಈಯಮ್ಮನ ಚೀಟಿಗೆ ತಾಳೆ ಆದ್ರೆ ಕೇಸು ಮುಗೀತು. ಈ ಬಿಸಿಲಲ್ಲಿ ಇನ್ನೊಂದು ಸಲ ಬರಕ್ಕೆ ನನ್ ಕೈಲಾಗಕಿಲ್ಲ."

ಈಯಮ್ಮ ಎಂದರೆ ಕೊಳ್ಳೇಗಾಲದ ನೇಕಾರರ ಬೀದಿಯ ಸರಸ್ವತಮ್ಮ. ಐವತ್ತಮೂರನೇ ಇಸವಿಯಲ್ಲಿ ಅವಳ ಗಂಡ ಗೋವಿಂದಯ್ಯ ರೇಷ್ಮೆ ಸೀರೆಯ ಗಂಟನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಸತ್ಯಮಂಗಲಕ್ಕೆಂದು ಹೊರಟವನು ಮತ್ತೆ ಬರಲಿಲ್ಲ. ಗಾಡಿಯ ಕಾಗದಪತ್ರವೂ ಅವನ ಜೇಬಿನಲ್ಲೇ ಹೋಯಿತು. ಅವಳ ಹತ್ತಿರ ಉಳಿದದ್ದು ಗಾಡಿ ಮಾರಿದ ಕೊಯಮತ್ತೂರಿನವನು ಬರೆದುಕೊಟ್ಟ ಒಂದು ಚೀಟಿ: ಬಿ.ಎಸ್.ಎ., 1939 ಮಾಡೆಲ್. ಹದಿನಾಲ್ಕು ವರ್ಷದಿಂದ ಮಡಚಿ ಮಡಚಿ ಅದು ನಾಲ್ಕು ತುಂಡಾಗುವುದರಲ್ಲಿತ್ತು.

ಮೇಸ್ತ್ರಿ ಮುತ್ತಯ್ಯ ಮಂಡಿ ಹಿಡಿದುಕೊಂಡು ನಿಧಾನವಾಗಿ ಗಾಡಿಯ ಪಕ್ಕ ಕೂತ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಇಂಥ ನೂರಾರು ಗಾಡಿ ಬಿಚ್ಚಿ ಜೋಡಿಸಿದವನು ಅವನು. ಕೊಳ್ಳೇಗಾಲದಲ್ಲಿ ಹಳೇ ಬೈಕಿನ ವರ್ಷದ ಮಾತು ಬಂದರೆ ಅವನು ಹೇಳಿದ್ದೇ ಕೊನೆ. ನಲವತ್ತಾರರ ಗಾಡಿಯನ್ನು ನಲವತ್ತೊಂಬತ್ತು ಅಂತ ಹೇಳಿ ಎಂದು ಬಂದ ದಲ್ಲಾಳಿಗಳನ್ನೆಲ್ಲ ಅಂಗಡಿಯಿಂದ ಇಳಿಸಿ ಕಳಿಸಿದ್ದ. ಈಗ ಅರವತ್ತು ದಾಟಿತ್ತು. ಬೆಳಗಿನ ಬಸ್ಸಿನ ಕುಲುಕಾಟವೇ ಸೊಂಟ ಮುರಿದಿತ್ತು.

ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತಂತಿ ಬ್ರಷ್ಷಿನಿಂದ ತಿಕ್ಕಿದ. ಎಂಜಿನ್ನಿನ ಬುಡದಲ್ಲಿ ಕೊರೆದಿದ್ದ ಅಂಕಿಗಳನ್ನೆಲ್ಲ ತುಕ್ಕು ತಿಂದುಬಿಟ್ಟಿತ್ತು. ವರ್ಷ ಹೇಳುವ ಮೊದಲನೆಯ ಅಕ್ಷರ ಮಾತ್ರ ಉಳಿದಿತ್ತು. ಅದು 'ಕೆ' ಆಗಿದ್ದರೆ ಮೂವತ್ತೊಂಬತ್ತು. ಮುತ್ತಯ್ಯ ಕಣ್ಣಿಗಿಂತ ಹೆಬ್ಬೆರಳನ್ನು ನಂಬುವವನು. ಅಕ್ಷರದ ಮೇಲೆ ಎರಡು ಸಲ ಬೆರಳಾಡಿಸಿದ. 'ಡಬ್ಲ್ಯು.' ದಂಡಿಗೆಂದು ಮಾಡಿ, ಯುದ್ಧ ಮುಗಿದ ಮೇಲೆ ಹರಾಜು ಹಾಕಿದ ಗಾಡಿ.

ದಫೇದಾರ್ ನೀರು ಕುಡಿಯಲು ಅತ್ತ ಹೋಗಿದ್ದ. ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ಸರಸ್ವತಮ್ಮ ಎಂಜಿನ್ನನ್ನು ನೋಡದೆ ಮುತ್ತಯ್ಯನ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮೋರ್ದಲ್ಲ ಕಣವ್ವ," ಎಂದ ಅವನು ಮೆಲ್ಲಗೆ. "ಇದು ಯುದ್ಧದ ಕಾಲದ್ದು. ಇನ್ಯಾರ್ದೋ."

ಅವಳಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದ. ಅವಳು ಮಣ್ಣಿನ ಮೇಲೆಯೇ ಪೂರ್ತಿ ಕೂತುಬಿಟ್ಟಳು.

"ಅಲ್ವಾ?" ಎಂದಳು. ಕೈಯಲ್ಲಿದ್ದ ಚೀಟಿಯನ್ನು ಇನ್ನೊಂದು ಸಲ ಮಡಚಿ, "ಮುತ್ತಣ್ಣ, ಇದೇ ಅಂತ ಬರ್ದ್ಬುಡಿ," ಎಂದಳು.

"ಏನವ್ವ ನೀನು!"

"ಮೊದ್ಲು ಅರಕೆ ಒತ್ಕಂಡೆ. ಆಮೇಲೆ ಶಾಸ್ತ್ರ ಕೇಳ್ದೆ. ಸತ್ಯಮಂಗಲದಲ್ಲಿ ಇನ್ನೊಂದು ಮನೆ ಮಾಡ್ಕಂಡವ್ರೆ ಅಂದ್ರು, ಓಗಿ ಬೀದಿ ಬೀದಿ ಸುತ್ಬಂದೆ. ಮಾಲಯ ಅಮಾಸೆ ಬಂದ್ರೆ ಅವ್ರಿಗೆ ಎಡೆ ಇಡಬೇಕೋ ಬ್ಯಾಡ್ವೋ ಗೊತ್ತಾಗಕಿಲ್ಲ. ಬಾಗ್ಲು ಅಗುಳಿ ಆಕಬೇಕಾದ್ರೂ ಒಂದ್ಗಳಿಗೆ ನಿಂತ್ಕತೀನಿ, ಬಂದ್ಬುಟ್ಟಾರೇನೋ ಅಂತ. ಸಾಕಾಗೋಗದೆ ಕಣಣ್ಣ."

"ಇನ್ಯಾರ್ದೋ ಮೂಳೆ ತಕಂಡು ಏನ್ ಮಾಡೀಯೆ?"

"ಮಣ್ಣು ಮಾಡ್ತೀನಿ. ಅತ್ತು ಮಲಿಕ್ಕತೀನಿ."

ಅವಳ ದನಿಯಲ್ಲಿ ಅಳುವಿರಲಿಲ್ಲ. ದೂರದ ಊರಿಂದ ನಡೆದು ಬಂದವರು ಕೂರಲು ಜಗುಲಿ ಕೇಳುವ ದನಿ ಅದು. ಮುತ್ತಯ್ಯನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ದಫೇದಾರ್ ಮೀಸೆ ಒರೆಸಿಕೊಳ್ಳುತ್ತ ವಾಪಸು ಬರುತ್ತಿದ್ದ. ಮುತ್ತಯ್ಯ ಚೀಲದಿಂದ ಅರ ತೆಗೆದು ಅಕ್ಷರದ ಮೇಲೆ ಎರಡು ಸಲ ಬಲವಾಗಿ ಎಳೆದ. ಅಕ್ಷರ ಅಳಿಸಿಹೋಗಿ ಕಬ್ಬಿಣ ಹೊಸದರಂತೆ ಹೊಳೆಯಿತು. ಅದರ ಮೇಲೆ ಒಂದು ಹಿಡಿ ಕೆಸರು ಮೆತ್ತಿದ.

"ಮೂವತ್ತೊಂಬತ್ತು," ಎಂದ ತಲೆ ಎತ್ತದೆ. "ಬರ್ಕಳಿ."

ದಫೇದಾರ್ ಪೆಟ್ರೋಲ್ ಟ್ಯಾಂಕಿನ ಮೇಲೆ ಕಾಗದ ಹರಡಿ ಬರೆದ. ಮುತ್ತಯ್ಯ ರುಜು ಹಾಕಿದ. "ಸೋಮವಾರ ಬಂದು ಮೂಳೆ ತಕಂಡೋಗವ್ವ," ಎಂದು ದಫೇದಾರ್ ಹೇಳಿದ್ದಕ್ಕೆ ಸರಸ್ವತಮ್ಮ ಕೈಮುಗಿದಳು. ಕೊಯಮತ್ತೂರಿನ ಚೀಟಿಯನ್ನೂ ಅವನಿಗೇ ಕೊಟ್ಟುಬಿಟ್ಟಳು.

ಮಧ್ಯಾಹ್ನದ ಬಸ್ಸಿನಲ್ಲಿ ಸಾಮಾನಿನ ಚೀಲ ನಡುವೆ ಇಟ್ಟುಕೊಂಡು ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಹನೂರು ದಾಟುವಷ್ಟರಲ್ಲಿ ಅವಳು ಕಿಟಕಿಯ ಕಂಬಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿತು, ಒಳ್ಳೆಯದೇ ಆಯಿತು ಎಂದುಕೊಂಡು ಮುತ್ತಯ್ಯನೂ ಕಣ್ಣು ಮುಚ್ಚಿದ. ಮೈಯೆಲ್ಲ ಸೀಸ ಎರೆದಂತೆ ಭಾರವಾಗಿತ್ತು.

ಕಾಮಗೆರೆಯಲ್ಲಿ ಜನ ಇಳಿದು ಹತ್ತಿ ಬಸ್ಸು ಮತ್ತೆ ಹೊರಟ ಮೇಲೆ, ಕಣ್ಣು ಬಿಡದೆಯೇ ಅವಳು ಕೇಳಿದಳು:

"ಮುತ್ತಣ್ಣ, ಆ ಗಾಡಿಯೋನ ಎಂಡ್ರು ಯಾವೂರಲ್ಲಿ ಕಾಯ್ತಾ ಕುಂತವಳೋ?"