ಗೆರೆ ಮುಟ್ಟದ ಮಳೆ

ಹಳೆಯ ಮಳೆಗಳನ್ನು ದಾಖಲೆಯ ಅಳತೆಯಂತೆ ಯಂತ್ರದಿಂದ ಮತ್ತೆ ಸುರಿಸಿಕೊಡುವ ಧಾರವಾಡದ ಕಚೇರಿಯಲ್ಲಿ ವನಮಾಲಾ ಹವಾಮಾನ ಸಲಹೆಗಾರ್ತಿ. ಎದುರಿಗೆ ಕುಳಿತ ದಸ್ತಗೀರ ಕೇಳಿದ್ದು, ತೀರಿಕೊಂಡ ಮಗಳು ಶಾಹೀನಾಳನ್ನು ಕೊನೆಯ ಸಲ ಶಾಲೆಗೆ ಬಿಟ್ಟ ದಿನದ ಮಳೆ.

ವನಮಾಲಾ ಆ ಶಾಲೆಯ ಮಕ್ಕಳು ಬರೆದಿಡುತ್ತಿದ್ದ ಮಳೆ ದಾಖಲೆಯ ಪುಸ್ತಕ ತೆರೆದಳು. “ಆವತ್ತ ಮಳೀನ ಆಗಿಲ್ರಿ. ಸೊನ್ನಿ ಬರದಾರ.”

“ಆಗಿತ್ರಿ ಮೇಡಂ. ಅಕಿ ಕೂದಲ ಮ್ಯಾಲೆ ಸಣ್ಣ ಹನಿ ಕುಂತಿದ್ವು. ನಾನ ಒರಸೀನಿ.” ದಸ್ತಗೀರ ಬಾಗಿ ಸೊನ್ನೆ ಬರೆದ ಸಾಲಿನ ಮೇಲೆ ಬೆರಳಿಟ್ಟ. “ಇದು ಅಕೀ ಕೈಬರಹ!”

ಆ ದಿನಗಳಲ್ಲಿ ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ವನಮಾಲಾಳೇ ಮಕ್ಕಳಿಗೆ ಹೇಳಿದ್ದಳು: ಮಳೆ ಮಾಪಕದ ಮೊದಲ ಗೆರೆ ಮುಟ್ಟದ ಹನಿಗಳಿಗೆ ಸೊನ್ನೆ ಬರೆಯಿರಿ.

“ಸೊನ್ನಿಗೆ ಯಂತ್ರ ಏನೂ ಸುರಿಸೂದಿಲ್ರಿ,” ಎಂದಳು, ತಲೆಯೆತ್ತದೆ.

“ಇರ್ಲಿ, ಆ ಸೊನ್ನೀನ ಸುರಿಸ್ರಿ,” ಎಂದ ದಸ್ತಗೀರ. “ಸಾಲಿ ಗೇಟಿನ ಮುಂದ ಬಂದು ನಿಲ್ತೀನಿ.”