ಕೇಳದೆ ಬಿಟ್ಟ ಪ್ರಶ್ನೆ

“ನಿಮ್ಮ ಹಳೇ ಆಫೀಸಿಗೆ ಫೋನ್ ಮಾಡಿ ವಿಚಾರಿಸ್ತೀವಿ, ನೀವು ಒಪ್ಪಿದ್ರೆ ಮಾತ್ರ. ಕೆಲಸ ಸಿಗದಿದ್ರೆ ನಿಮ್ಮ ವಿವರ ಎಲ್ಲಾ ಅಳಿಸಿಬಿಡ್ತೀವಿ. ಅಷ್ಟೇ ಮೇಡಂ, ಮುಗೀತು,” ಎಂದಳು ನೇಮಕಾತಿಯ ಹುಡುಗಿ.

ಲ್ಯಾಬ್ ಕೆಲಸ ಕೇಳಿಕೊಂಡು ಬಂದವಳು ತಬ್ಬಿಬ್ಬಾದಳು. ಹಿಂದಿನ ಸಂದರ್ಶನಗಳೆಲ್ಲ ಗಂಡನ ಮಾತು ಬಂದಲ್ಲಿಗೆ ಮುರಿದುಬಿದ್ದಿದ್ದವು. ಇದೂ ತಪ್ಪಿದರೆ ಅತ್ತಿಗೆಯ ಹಂಗಿನಲ್ಲೇ ಇರಬೇಕು. ಅದಕ್ಕೇ, ‘ಅವರು ತೀರಿಕೊಂಡಿದ್ದಾರೆ, ಅದರಿಂದ ಕೆಲಸಕ್ಕೇನೂ ತೊಂದರೆಯಿಲ್ಲ’ ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದಿದ್ದಳು.

“ನಮ್ಮ ಮನೆಯವರ ವಿಷಯ ಕೇಳಲೇ ಇಲ್ವಲ್ಲ?”

“ಅದು ಈ ಕೆಲಸಕ್ಕೆ ಬೇಡ. ಕೇಳೋಕೆ ನಾನೇನು ಪಕ್ಕದ್ಮನೆ ಆಂಟೀನಾ?” ಹುಡುಗಿ ನಕ್ಕಳು.

ಅವಳು ಏಳಲಿಲ್ಲ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ನಿರಾಳವೋ ನಿರಾಸೆಯೋ ಗೊತ್ತಾಗಲಿಲ್ಲ.

“ಆದ್ರೂ ಹೇಳ್ಲಾ?” ಎಂದಳು.