ಹನ್ನೊಂದು ಗಂಟೆಯ ಬಿಪಿ

“ಹೆಬ್ಬೆಟ್ಟು ಒತ್ತಂಗಿಲ್ಲ ಅಂದ್ರ ಒತ್ತಂಗಿಲ್ಲ!” ಸುಗಲಮ್ಮ ಇಂಕ್ ಪ್ಯಾಡನ್ನು ಮೇಜಿನಾಚೆ ತಳ್ಳಿದಳು.

ತೆಲುಗು ನಾಡಿನ ಬಾಲಾನಗರದ ಆ ನರ್ಸಿಂಗ್ ಹೋಮಿನ ಒಡೆಯ ಡಾಕ್ಟರ್ ಆಶಿಷ್‌ಗೆ ಅವಳ ಮಾತು ತಿಳಿಯಲಿಲ್ಲ, ತಳ್ಳಿದ್ದು ತಿಳಿಯಿತು. ಮಿಯಾಪುರದಲ್ಲಿ ಕಟ್ಟಡದಿಂದ ಬಿದ್ದ ಅವಳ ಗಂಡ ಗೊಲ್ಲಾಳಪ್ಪ ಮೂರು ದಿನದ ಹಿಂದೆ ಇಲ್ಲೇ ತೀರಿಕೊಂಡಿದ್ದ. ಬೆಳಿಗ್ಗೆಯಿಂದ ಯಾರೂ ಅವನ ಹತ್ತಿರ ಸುಳಿಯಲಿಲ್ಲವೆಂದು ಈ ಯಾದಗಿರಿಯ ಹೆಂಗಸು ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಕೂಗಾಡಿ ಬಂದಿದ್ದಳು. ಅಲ್ಲಿಂದ ಈಗ ನೋಟಿಸು. ಆದರೆ ಚಾರ್ಟಿನಲ್ಲಿ ಹನ್ನೆರಡರವರೆಗೂ ಗಂಟೆಗಂಟೆಯ ಬಿಪಿ ಇತ್ತು. ಬರೆದವಳು ನರ್ಸ್ ಶಾಂಭವಿ.

ಅದಕ್ಕೇ ಡಾಕ್ಟರಿಗೆ ಅವಳ ಮೇಲೆ ಅಷ್ಟು ಭರವಸೆ. ತನಿಖೆಯಾದರೆ ಮೊದಲು ಕೆಲಸ, ನೋಂದಣಿ ಎರಡೂ ಕಳೆದುಕೊಳ್ಳುವವಳು ಅವಳೇ. ಆಸ್ಪತ್ರೆಯಲ್ಲಿ ಕನ್ನಡ ಬಲ್ಲವಳೂ ಅವಳೊಬ್ಬಳೇ. “ದೂರಿಲ್ಲ ಅಂತ ಇವಳ ಭಾಷೆಯಲ್ಲೇ ಬರೆ,” ಎಂದು ಹಿಂದಿಯಲ್ಲಿ ಹೇಳಿದ್ದ. “ತಿಳಿಯದೆ ಒತ್ತಿದೆ ಅಂತ ನಾಳೆ ಅನ್ನಬಾರದು.” ಎಂಥ ಮುಂದಾಲೋಚನೆ!

“ಮೊದಲು ಕೇಳ್ರಿ ಅಕ್ಕಾ, ಆಮ್ಯಾಲ ಬೈರಿ,” ಎಂದಳು ಶಾಂಭವಿ.

“ಏನ್ ಕೇಳೂದು? ಹತ್ತಕ್ಕ ನನ್ನ ಕೈಯಾಗ ತಣ್ಣಗಾದ. ಹನ್ನೊಂದಕ್ಕ ಯಾರ ಬಿಪಿ ನೋಡಿದಿ ನೀ?”

ಶಾಂಭವಿ ತಲೆ ಎತ್ತದೆ, ತಗ್ಗಿದ ದನಿಯಲ್ಲಿ ತಾನು ಬರೆದಿದ್ದ ಕಾಗದ ಓದಿದಳು. ಸುಗಲಮ್ಮ ಅವಳ ಮುಖವನ್ನೇ ದಿಟ್ಟಿಸಿದಳು.

“ಹಿಂಗ ಬರಿಯಾಕ ನಿನಗ ಅಂಜಿಕಿ ಆಗಲಿಲ್ಲೇನ?”

“ಮೂರು ದಿನ ಅಂಜಿದ್ದು ಸಾಕಾತ್ರಿ.”

ಸುಗಲಮ್ಮ ತಾನೇ ಪ್ಯಾಡನ್ನು ಎಳೆದುಕೊಂಡು ಮೇಜು ಅಲುಗುವಂತೆ ಹೆಬ್ಬೆಟ್ಟು ಒತ್ತಿದಳು. ಡಾಕ್ಟರ್ ನಕ್ಕ. ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಕೇಳಿದರೆ ಸಾಕು, ಈ ಜನ ತಣ್ಣಗಾಗುತ್ತಾರೆ ಎಂದುಕೊಂಡ. ಶಾಂಭವಿ ತೋರಿಸಿದ ಕಡೆ ಸಹಿ ಮಾಡಿ, ಸೀಲು ಹಾಕಿ, ಆಗಿಂದಾಗಲೇ ಆರೋಗ್ಯಾಧಿಕಾರಿಗೆ ಕಳಿಸಿಕೊಟ್ಟ.

ಮರುದಿನ ಆ ಕಚೇರಿಯಲ್ಲಿದ್ದ ಬೀದರಿನ ಗುಮಾಸ್ತ ಕಾಶಿನಾಥ ಅದನ್ನು ಸಾಹೇಬರಿಗೆ ಓದಿ ಹೇಳಿದ:

“ಗೊಲ್ಲಾಳಪ್ಪ ಹತ್ತಕ್ಕೇ ತೀರಿಕೊಂಡರು, ಯಾರ ಬಿಪಿಯನ್ನೂ ನೋಡದೆ ಹನ್ನೆರಡರವರೆಗಿನ ಚಾರ್ಟನ್ನು ಬೆಳಿಗ್ಗೆ ಎಂಟಕ್ಕೇ ತುಂಬಿಟ್ಟವಳು ನಾನು, ನರ್ಸ್ ಶಾಂಭವಿ, ದಿನಾ ಹಾಗೆ ತುಂಬಿಸುವವರು ಕೆಳಗೆ ಸೀಲು ಹಾಕಿರುವ ಡಾಕ್ಟರು.”